ಸಾಮಾಜಿಕ ಖರೀದಿ: ಕೃಷಿ ಮತ್ತು ಆಹಾರ ಕ್ಷೇತ್ರ

ಕಂಪನಿಗಳು ತಮಗೆ ಹೇಗೂ ಬೇಕಾದ ಸರಕನ್ನು ಸಾಮಾಜಿಕ ಉದ್ಯಮಗಳಿಂದ ಕೊಳ್ಳುವ ಪದ್ಧತಿ. ಸಣ್ಣ ರೈತರ ಸಹಕಾರ ಸಂಘ, ಉತ್ಪಾದಕರ ಕಂಪನಿ, ಬೇರೆಲ್ಲೂ ಕೆಲಸ ಸಿಗದವರನ್ನು ಸೇರಿಸಿಕೊಳ್ಳುವ ಬೇಕರಿ ಮೊದಲಾದವು ಇಂಥ ಉದ್ಯಮಗಳು. ಇವೂ ಲಾಭನಷ್ಟದ ಲೆಕ್ಕವಿಟ್ಟೇ ವ್ಯಾಪಾರ ಮಾಡುತ್ತವೆ. ಆದರೆ ಬಂದ ಲಾಭ ಮೊದಲು ಸೇರುವುದು ಉದ್ಯಮ ಯಾರಿಗಾಗಿ ಹುಟ್ಟಿತೋ ಅವರಿಗೆ. ಕೊಳ್ಳುವ ಕಂಪನಿ ಇಲ್ಲಿ ದಾನ ಮಾಡುವುದಿಲ್ಲ. ಕಾಫಿ, ಕೋಕೋ, ಚಹಾ, ಬ್ರೆಡ್ಡಿಗೆ ಹೇಗೂ ತೆರಬೇಕಾದ ಹಣವನ್ನೇ ಬೇರೆ ಬಾಗಿಲಿಗೆ ಕೊಂಡೊಯ್ಯುತ್ತದೆ. ಈ ಒಪ್ಪಂದದ ಬೆಲೆ ತಿಳಿಯುವುದು ನಾಲ್ಕು ಪ್ರಶ್ನೆಗಳಿಂದ: ಕನಿಷ್ಠ ದರ ಎಷ್ಟು, ಎಷ್ಟು ಪ್ರಮಾಣ, ಎಷ್ಟು ವರ್ಷ, ಹಣ ಕೈಸೇರುವುದು ಯಾವಾಗ.

ಹಿನ್ನೆಲೆ

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ದುಡಿಮೆಗಾರರು 1844ರಲ್ಲಿ ತೆರೆದ ಸಹಕಾರಿ ಅಂಗಡಿ ಕಲಬೆರಕೆಯಿಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆಯನ್ನು ಸರಿಯಾದ ತೂಕಕ್ಕೆ ಮಾರಿತು. ಅಲ್ಲಿ ಒಗ್ಗೂಡಿದವರು ಕೊಳ್ಳುವವರು. ಬೆಳೆಯುವವರನ್ನು ಮುಂದಿಟ್ಟುಕೊಂಡ ವ್ಯಾಪಾರ ಬಲಗೊಂಡದ್ದು ಎರಡನೆಯ ಮಹಾಯುದ್ಧದ ನಂತರ. ನೆದರ್‌ಲೆಂಡ್ಸಿನ ಕೆರ್ಕ್ರಾಡೆಯಲ್ಲಿ 1959ರಲ್ಲಿ ಹುಟ್ಟಿದ ಸಂಸ್ಥೆಯೊಂದು ಬಡ ದೇಶಗಳ ಕರಕುಶಲ ವಸ್ತುಗಳನ್ನು ತರಿಸಿ ಮಾರತೊಡಗಿತು. 1973ರಲ್ಲಿ ಗ್ವಾಟೆಮಾಲದ ರೈತ ಸಹಕಾರ ಸಂಘಗಳ ಕಾಫಿಯನ್ನೂ ತಂದಿತು. ಈ ಸರಕು ಬಿಕರಿಯಾಗುತ್ತಿದ್ದುದು 'ವಿಶ್ವ ಅಂಗಡಿ'ಗಳಲ್ಲಿ. ಸ್ವಯಂಸೇವಕರು ನಡೆಸುತ್ತಿದ್ದ ಈ ಚಿಕ್ಕ ಮಳಿಗೆಗಳಿಗೆ ಬರುತ್ತಿದ್ದವರು ಮೊದಲೇ ಮನವೊಲಿದ ಗಿರಾಕಿಗಳು. ಊರಿನ ಮಿಕ್ಕವರು ಕಾಫಿಪುಡಿಗೆ ಸೂಪರ್‌ಮಾರ್ಕೆಟ್ಟಿಗೇ ಹೋಗುತ್ತಿದ್ದರು. ಬೆಳೆಗಾರರ ಸರಕು ನಿಜವಾಗಿ ಹೆಚ್ಚು ಮಾರಾಟವಾಗಬೇಕಾದರೆ ಆ ದೊಡ್ಡ ಬಾಗಿಲನ್ನೇ ತಟ್ಟಬೇಕಿತ್ತು.

ಮ್ಯಾಕ್ಸ್ ಹಾವೆಲಾರ್ ಮುದ್ರೆ

ಆ ಬಾಗಿಲು ತೆರೆದದ್ದು ಮೆಕ್ಸಿಕೋದ ಬೆಟ್ಟಗಾಡಿನಿಂದ. ಓವಹಾಕಾ ರಾಜ್ಯದ ಮೂಲನಿವಾಸಿ ಕಾಫಿ ಬೆಳೆಗಾರರು ದಲ್ಲಾಳಿಗಳನ್ನು 'ಕೊಯೋಟೆ' ಎಂದು ಕರೆಯುತ್ತಿದ್ದರು. ಅದು ಅಲ್ಲಿನ ತೋಳ ಜಾತಿಯ ಪ್ರಾಣಿಯ ಹೆಸರು. ಈ ಬೆಳೆಗಾರರು 1980ರ ದಶಕದ ಆರಂಭದಲ್ಲಿ ಉಸಿರಿ ಎಂಬ ಸಂಘ ಕಟ್ಟಿದರು. ಅವರೊಡನಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡೆರ್ ಹಾಫ್ ಮತ್ತು ಸಾಲಿಡಾರಿಡಾಡ್ ಸಂಸ್ಥೆಯ ನಿಕೋ ರೋಜೆನ್ ಹೊಸ ಹಾದಿ ಹುಡುಕಿದರು. ಪ್ರತ್ಯೇಕ ಅಂಗಡಿ ಬೇಡ, ಪ್ರತ್ಯೇಕ ಬ್ರ್ಯಾಂಡೂ ಬೇಡ. ನಿಯಮ ಪಾಲಿಸುವ ಯಾವ ಕಂಪನಿಯ ಪೊಟ್ಟಣದ ಮೇಲಾದರೂ ಅಂಟಿಸಬಹುದಾದ ಒಂದು ಮುದ್ರೆ ಸಾಕು ಎಂಬುದು ಅವರ ವಿಚಾರ. 1988ರ ನವೆಂಬರ್ 15ರಂದು 'ಮ್ಯಾಕ್ಸ್ ಹಾವೆಲಾರ್' ಮುದ್ರೆ ಬಿಡುಗಡೆಯಾಯಿತು. ಜಾವಾದ ಜನರನ್ನು ಡಚ್ ವಸಾಹತು ಆಡಳಿತ ಹಿಂಡಿದ ಬಗೆಯನ್ನು ಬಯಲಿಗೆಳೆದ, ಮುಲ್ಟಾಟುಲಿ ಕಾವ್ಯನಾಮದಲ್ಲಿ 1860ರಲ್ಲಿ ಪ್ರಕಟವಾದ ಕಾದಂಬರಿಯ ಹೆಸರು ಅದು.

ಮುಂದಿನ ಜುಲೈನಲ್ಲೇ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದು ಕಾಫಿ ದರ ಪಾತಾಳಕ್ಕಿಳಿಯಿತು. ಮುದ್ರೆಯ ನಿಯಮದಲ್ಲಿದ್ದ ಕನಿಷ್ಠ ದರದ ಬೆಲೆ ಆಗ ತಿಳಿಯಿತು. 1990ರ ದಶಕದಲ್ಲಿ ಪೌಂಡ್ ಅರೇಬಿಕಾ ಕಾಫಿಗೆ ಸಾಮುದಾಯಿಕ ಕೆಲಸಗಳ ಹೆಚ್ಚುವರಿ 5 ಸೆಂಟ್ ಸೇರಿ 126 ಸೆಂಟ್ ಖಾತ್ರಿಯಿತ್ತು. 2001ರಲ್ಲಿ ಮಾರುಕಟ್ಟೆ ದರ 50 ಸೆಂಟ್‌ಗಿಂತ ಕೆಳಗಿಳಿದಾಗಲೂ ಈ ಖಾತ್ರಿ ಹಾಗೆಯೇ ನಿಂತಿತು. ಬೇರೆ ಬೇರೆ ದೇಶಗಳಲ್ಲಿ ಹುಟ್ಟಿದ ಇಂಥ ಮುದ್ರೆಗಳು 1997ರಲ್ಲಿ ಜರ್ಮನಿಯ ಬಾನ್ ನಗರದ ಒಂದೇ ಸಂಸ್ಥೆಯಡಿ ಸೇರಿದವು. ಇಂದಿನ ಫೇರ್‌ಟ್ರೇಡ್ ಮುದ್ರೆ ಬಂದದ್ದು 2002ರಲ್ಲಿ.

ಯಾಂಕರ್ಸ್‌ನ ಬ್ರೌನಿ

1980ರ ದಶಕದಲ್ಲೇ ಅಮೆರಿಕದಲ್ಲಿ ಮುದ್ರೆಯ ಹಂಗಿಲ್ಲದ ಇನ್ನೊಂದು ಮಾದರಿ ಬೆಳೆಯಿತು. ವಿಮಾನ ತಂತ್ರಜ್ಞಾನದ ಎಂಜಿನಿಯರ್ ಆಗಿದ್ದು ಝೆನ್ ಗುರುವಾದ ಬರ್ನಿ ಗ್ಲಾಸ್‌ಮನ್ 1982ರಲ್ಲಿ ಗ್ರೇಸ್ಟನ್ ಬೇಕರಿ ಆರಂಭಿಸಿದರು. ನ್ಯೂಯಾರ್ಕ್ ನಗರಕ್ಕೆ ತಾಗಿದ ಯಾಂಕರ್ಸ್‌ನಲ್ಲಿ ನೆಲೆಯೂರಿದ ಈ ಬೇಕರಿಯಲ್ಲಿ ಸಂದರ್ಶನವಿಲ್ಲ, ಜೈಲಿಗೆ ಹೋಗಿದ್ದಿರಾ ಎಂಬ ವಿಚಾರಣೆಯಿಲ್ಲ. ಪಟ್ಟಿಯಲ್ಲಿ ಹೆಸರು ಬರೆಸಿದವರಿಗೆ ಸರದಿ ಬಂದಾಗ ಕೆಲಸ. 1980ರ ದಶಕದ ಕೊನೆಗೆ ಬೆನ್ ಅಂಡ್ ಜೆರ್ರೀಸ್ ಐಸ್‌ಕ್ರೀಂ ಕಂಪನಿ ಇಲ್ಲಿಂದ ಬ್ರೌನಿ ತರಿಸತೊಡಗಿತು. ಮೊದಲ ಸರಕು ಒಂದಕ್ಕೊಂದು ಅಂಟಿ ಗಟ್ಟಿಯಾಗಿ ಹೋಗಿತ್ತಂತೆ. ಅದನ್ನೇ ಒಡೆದು ಐಸ್‌ಕ್ರೀಮಿಗೆ ಬೆರೆಸಿದಾಗ ಚಾಕೊಲೇಟ್ ಫಡ್ಜ್ ಬ್ರೌನಿ ಎಂಬ ರುಚಿ ಹುಟ್ಟಿತೆಂಬುದು ಪ್ರಚಲಿತ ಕಥೆ. 2000ದಲ್ಲಿ ಯೂನಿಲೀವರ್ ಆ ಐಸ್‌ಕ್ರೀಂ ಕಂಪನಿಯನ್ನು ಕೊಂಡ ಮೇಲೂ ಬ್ರೌನಿ ಪೂರೈಕೆ ನಿಲ್ಲಲಿಲ್ಲ. ಒಬ್ಬನೇ ದೊಡ್ಡ ಗಿರಾಕಿಯನ್ನು ನೆಚ್ಚಿಕೊಳ್ಳುವ ಅಪಾಯ ಇಲ್ಲಿತ್ತು. ಆದರೆ ಬ್ರೌನಿಯಿಲ್ಲದೆ ಆ ಐಸ್‌ಕ್ರೀಂ ಇಲ್ಲವಾದ್ದರಿಂದ ನೆಚ್ಚಿಕೆ ಎರಡೂ ಕಡೆ ಇತ್ತು.

ಘಾನಾದ ಕೋಕೋ ರೈತರು

ಘಾನಾ ಸರ್ಕಾರ 1992–93ರಲ್ಲಿ ಕೋಕೋದ ಒಳನಾಡಿನ ಖರೀದಿಯನ್ನು ಖಾಸಗಿಯವರಿಗೆ ತೆರೆಯಿತು. ರಫ್ತು ಮಾತ್ರ ಸರ್ಕಾರಿ ಮಂಡಳಿಯ ಕೈಯಲ್ಲೇ ಉಳಿಯಿತು. ರೈತ ಮುಖಂಡ ನಾನಾ ಫ್ರಿಂಪಾಂಗ್ ಅಬ್ರೆಬ್ರೆಸೆ ಮೊದಲಾದವರು ಲಂಡನ್ನಿನ ಟ್ವಿನ್ ಸಂಸ್ಥೆಯ ನೆರವಿನಿಂದ 1993ರಲ್ಲಿ ಕುವಾಪಾ ಕೊಕೂ ಎಂಬ ರೈತ ಸಂಘ ಕಟ್ಟಿದರು. ರೈತರ ಹಳೆಯ ದೂರು ತಕ್ಕಡಿಯದು. ಆದ್ದರಿಂದ ಸಂಘದ ಮೊದಲ ಸುಧಾರಣೆಯೂ ಅದೇ: ಹಳ್ಳಿಯವರೇ ಆರಿಸಿದ ಲೆಕ್ಕಿಗ ಹಳ್ಳಿಯವರ ಕಣ್ಣೆದುರೇ ತೂಗಿ ಬರೆದುಕೊಳ್ಳುವುದು. ಅತ್ಯುತ್ತಮ ಎಂಬರ್ಥದ 'ಪಾ ಪಾ ಪಾ' ಸಂಘದ ಧ್ಯೇಯವಾಕ್ಯ.

ಬೀಜ ಮಾರಿದವರಿಗೆ ಚಾಕೊಲೇಟಿನ ಲಾಭ ದಕ್ಕದೆಂದು ಅರಿತ ಸಂಘ 1998ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಚಾಕೊಲೇಟ್ ಕಂಪನಿಯ ಪಾಲುದಾರನಾಯಿತು. 'ಡಿವೈನ್' ಅದರ ಬ್ರ್ಯಾಂಡ್. ಬಾಡಿ ಶಾಪ್ ಕಂಪನಿಯೂ ಅದರಲ್ಲಿ ಹಣ ಹೂಡಿತ್ತು. 2006ರಲ್ಲಿ ಆ ಷೇರುಗಳನ್ನು ರೈತರಿಗೇ ಬಿಟ್ಟುಕೊಟ್ಟಾಗ ಅವರ ಪಾಲು ಶೇ. 45ಕ್ಕೇರಿತು. ಬ್ರಿಟನ್ನಿನ ಕೋ-ಆಪ್ ಸೂಪರ್‌ಮಾರ್ಕೆಟ್ 2002ರಲ್ಲಿ ತನ್ನ ಹೆಸರಿನ ಎಲ್ಲ ಚಾಕೊಲೇಟ್ ಬಾರ್‌ಗಳನ್ನೂ ಫೇರ್‌ಟ್ರೇಡ್ ಕೋಕೋಗೆ ಬದಲಾಯಿಸಿತು. ಆ ಕೋಕೋ ಬಂದದ್ದು ಈ ಸಂಘದಿಂದ. 2009ರಲ್ಲಿ ಕ್ಯಾಡ್ಬರಿ ಬ್ರಿಟನ್ ಮತ್ತು ಐರ್ಲೆಂಡಿನ ಡೇರಿ ಮಿಲ್ಕ್ ಬಾರ್‌ಗೆ ಮುದ್ರೆ ಪಡೆಯಿತು. ನೆಸ್ಲೆಯ ನಾಲ್ಕು ಕಡ್ಡಿಯ ಕಿಟ್‌ಕ್ಯಾಟ್ ಹಿಂಬಾಲಿಸಿತು.

ಕಂಪನಿಗಳ ಸ್ವಂತ ಮಾನದಂಡ

ಈ ಜಯ ಹೆಚ್ಚು ಕಾಲ ಬಾಳಲಿಲ್ಲ. ದೊಡ್ಡ ಖರೀದಿದಾರರು ಹೊರಗಿನ ಮುದ್ರೆಯ ಬದಲು ಸ್ವಂತ ಯೋಜನೆಗಳ ಕಡೆ ಅಥವಾ ಬೇರೆ ಮುದ್ರೆಗಳ ಕಡೆ ತಿರುಗಿದರು. ಸ್ಟಾರ್‌ಬಕ್ಸ್ 2004ರಲ್ಲೇ ತನ್ನದೇ ಕಾಫಿ ಖರೀದಿ ಮಾನದಂಡ ರೂಪಿಸಿಕೊಂಡಿತ್ತು. ಕ್ಯಾಡ್ಬರಿ 2016ರಲ್ಲಿ ಮಾತೃಸಂಸ್ಥೆಯ 'ಕೋಕೋ ಲೈಫ್' ಯೋಜನೆಗೆ ಸರಿಯುವುದಾಗಿ ಘೋಷಿಸಿತು. 2017ರಲ್ಲಿ ಸೇನ್ಸ್‌ಬರೀಸ್ ಸೂಪರ್‌ಮಾರ್ಕೆಟ್ ತನ್ನ ಚಹಾಕ್ಕೆ ಸ್ವಂತ ಮಾದರಿ ತಂದಾಗ ಆಫ್ರಿಕದ ಚಹಾ ಬೆಳೆಗಾರರ ಸಂಘಟನೆಗಳು ಪ್ರತಿಭಟಿಸಿದವು. ಹೆಚ್ಚುವರಿ ಹಣವನ್ನು ಶಾಲೆಗೆ ಬಳಸಬೇಕೋ ಬಾವಿಗೆ ಬಳಸಬೇಕೋ ಎಂದು ಅಲ್ಲಿಯತನಕ ರೈತರ ಸಭೆ ತೀರ್ಮಾನಿಸುತ್ತಿತ್ತು. ಹೊಸ ಮಾದರಿಯಲ್ಲಿ ಲಂಡನ್ನಿನ ಮಂಡಳಿಯ ಒಪ್ಪಿಗೆ ಬೇಕಾಗುತ್ತಿತ್ತು. ಹಣದಷ್ಟೇ ಅದರ ಮೇಲಿನ ಅಧಿಕಾರವೂ ಮುಖ್ಯ ಎಂಬುದು ಅವರ ವಾದ. 2020ರಲ್ಲಿ ಕಿಟ್‌ಕ್ಯಾಟ್ ಕೂಡ ಫೇರ್‌ಟ್ರೇಡ್ ಬಿಟ್ಟಿತು. ಅದೇ ವರ್ಷ ಡಿವೈನ್ ಕಂಪನಿಯ ಬಹುಪಾಲು ಒಡೆತನ ಜರ್ಮನಿಯ ಚಾಕೊಲೇಟ್ ತಯಾರಕರ ಕೈಸೇರಿ, ರೈತರ ಪಾಲು ಶೇ. 20ಕ್ಕಿಳಿಯಿತು.

ಮುದ್ರೆಯ ಒಳಗಿನ ಮಿತಿಗಳೂ ಇದ್ದವು. ಪ್ರಮಾಣಪತ್ರ ಪಡೆದ ಸಂಘ ತನ್ನ ಇಡೀ ಬೆಳೆಯನ್ನು ಆ ದರಕ್ಕೆ ಮಾರಲಾಗುವುದಿಲ್ಲ; ಕೊಳ್ಳುವವರು ಕೇಳಿದಷ್ಟಕ್ಕೆ ಮಾತ್ರ ಆ ದರ, ಮಿಕ್ಕದ್ದು ಮಾಮೂಲಿ ಮಾರುಕಟ್ಟೆಗೆ. ತಪಾಸಣೆಯ ಶುಲ್ಕ ಮಾತ್ರ ಪೂರ್ತಿ. ಸಂಘಕ್ಕೆ ಸೇರದ ಕೂಲಿಕಾರರಿಗೆ, ತುಂಡು ಭೂಮಿಯೂ ಇಲ್ಲದವರಿಗೆ ಇದರಿಂದ ಸಿಕ್ಕಿದ್ದು ಅಲ್ಪ ಎಂಬ ಟೀಕೆಯೂ ಇದೆ.

'ಸಾಮಾಜಿಕ ಖರೀದಿ' ಎಂಬ ಹೆಸರು

ಸರಕಿಗೆ ಮುದ್ರೆ ಹುಡುಕುವ ಬದಲು ಮಾರುವ ಉದ್ಯಮದ ಸ್ವರೂಪವನ್ನೇ ನೋಡಿ ಕೊಳ್ಳುವ ಪದ್ಧತಿ 2010ರ ನಂತರ ಗಟ್ಟಿಯಾಯಿತು. ಸರ್ಕಾರಗಳು ಮೊದಲು ದಾರಿ ಹಾಕಿದವು. ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಕುಟುಂಬ ಕೃಷಿಕರಿಂದ ಕೊಳ್ಳಲು ಬಳಸಬೇಕೆಂದು ಬ್ರೆಜಿಲ್ 2009ರಲ್ಲಿ ಕಾನೂನು ಮಾಡಿತು. ಗುತ್ತಿಗೆ ಕೊಡುವಾಗ ಸಾಮಾಜಿಕ ಮೌಲ್ಯವನ್ನೂ ಗಮನಿಸಬೇಕೆಂಬ ಬ್ರಿಟನ್ನಿನ ಕಾಯಿದೆ 2012ರದು. ಖಾಸಗಿ ವಲಯದಲ್ಲಿ ಸೋಶಿಯಲ್ ಎಂಟರ್‌ಪ್ರೈಸ್ ಯುಕೆ 2016ರಲ್ಲಿ 'ಬೈ ಸೋಶಿಯಲ್ ಕಾರ್ಪೊರೇಟ್ ಚಾಲೆಂಜ್' ಆರಂಭಿಸಿತು. ಸಾಮಾಜಿಕ ಉದ್ಯಮಗಳಿಂದ ಒಟ್ಟು 100 ಕೋಟಿ ಪೌಂಡ್ ಮೊತ್ತದ ಖರೀದಿ ಅದರ ಗುರಿಯಾಗಿತ್ತು. ಜಾನ್ಸನ್ ಅಂಡ್ ಜಾನ್ಸನ್, ಪಿಡಬ್ಲ್ಯುಸಿ, ಜ್ಯೂರಿಕ್ ಮೊದಲ ಪಾಲುದಾರರಲ್ಲಿ ಕೆಲವರು. ಕಚೇರಿಯ ಕಾಫಿ, ಸಭೆಯ ಊಟ, ಕುಡಿಯುವ ನೀರಿನ ಬಾಟಲಿ ಇಂಥ ಖರೀದಿಗೆ ಸುಲಭವಾಗಿ ಒದಗುವ ಸರಕು. ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2020ರಲ್ಲಿ, ತನ್ನ ಖರೀದಿಯ ಒಂದು ನಿಗದಿತ ಭಾಗದಲ್ಲಿ ಶೇ. 5ರಷ್ಟನ್ನು 2025ರ ಹೊತ್ತಿಗೆ ಸಾಮಾಜಿಕ ಉದ್ಯಮಗಳಿಗೆ ಮೀಸಲಿಡುವ ಗುರಿ ಸಾರಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಸಾಮಾಜಿಕ ಉದ್ಯಮದ ಕೆಲಸವನ್ನು ಬಹುಕಾಲ ಮಾಡಿದವು ಸಹಕಾರ ಸಂಘಗಳು. ಈ ಚರಿತ್ರೆಯ ದೊಡ್ಡ ಪಾಠವೊಂದು ಕರಾವಳಿಯದು. ಅಡಿಕೆ ಧಾರಣೆ ಕುಸಿದ ಹೊತ್ತಿನಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ, 1973ರ ಜುಲೈನಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಘ ಹುಟ್ಟಿತು. ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಇದರ ಸದಸ್ಯರು. ಖಾಸಗಿ ಚಾಕೊಲೇಟ್ ಕಂಪನಿಯೊಂದರ ಪ್ರೋತ್ಸಾಹದಿಂದ ಅಡಿಕೆ, ತೆಂಗಿನ ತೋಟಗಳ ನಡುವೆ ಕೋಕೋ ಹಬ್ಬಿತ್ತು. 1980ರ ಆಸುಪಾಸಿನಲ್ಲಿ ವಿಶ್ವ ಮಾರುಕಟ್ಟೆ ಬಿದ್ದಾಗ ಖಾಸಗಿ ಖರೀದಿ ಸೊರಗಿತು. ಗಿಡ ನೆಡಿಸುವಾಗಿನ ಉತ್ಸಾಹಕ್ಕೆ ಕಾಯಿ ಕೊಳ್ಳುವಾಗ ಯಾವ ಕರಾರಿನ ಕಟ್ಟೂ ಇರಲಿಲ್ಲ. ಕ್ಯಾಂಪ್ಕೊ ಕೋಕೋ ಖರೀದಿಗಿಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಬೀಜ ಮಾರಲು ಬಾಗಿಲು ಕಾಯುತ್ತಿದ್ದ ಬೆಳೆಗಾರರು ಚಾಕೊಲೇಟ್ ತಯಾರಕರಾಗಿ ಬಹುರಾಷ್ಟ್ರೀಯ ಕಂಪನಿಗೂ ಸರಕು ಮಾಡಿಕೊಡುವ ಮಟ್ಟಕ್ಕೆ ಬೆಳೆದರು.

ವೈ. ಕೆ. ಅಲಘ್ ಸಮಿತಿಯ ಶಿಫಾರಸಿನಂತೆ ಕಂಪನಿ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿ 'ಉತ್ಪಾದಕರ ಕಂಪನಿ'ಗೆ ದಾರಿಮಾಡಿತು. ಸಹಕಾರ ಸಂಘದಂತೆ ಸದಸ್ಯರದೇ ಒಡೆತನ, ಕಂಪನಿಯಂತೆ ವ್ಯವಹಾರ. ಹೀಗಾಗಿ ದೊಡ್ಡ ಖರೀದಿದಾರರೊಡನೆ ಕರಾರು ಮಾಡಿಕೊಳ್ಳುವುದು ಸಲೀಸಾಯಿತು. 10,000 ಹೊಸ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರ ಯೋಜನೆ 2020ರದು. ಇವುಗಳಲ್ಲಿ ಅನೇಕಕ್ಕೆ ದುಡಿಯುವ ಬಂಡವಾಳದ ಕೊರತೆ ದೊಡ್ಡದು. ರೈತನಿಗೆ ಕೊಯ್ಲಿನ ದಿನವೇ ಹಣ ಬೇಕು, ಕಂಪನಿ ಕೊಡುವುದು ವಾರಗಟ್ಟಲೆ ಕಳೆದ ಮೇಲೆ. ನಡುವಿನ ಭಾರ ಹೊರುವುದು ಸಂಘ. ಈ ತೆರಪನ್ನೇ ಮಂಡಿಯ ವರ್ತಕ ಮುಂಗಡ ಕೊಟ್ಟು ತುಂಬುತ್ತಾನೆ, ರೈತ ಅತ್ತ ಹೊರಳುತ್ತಾನೆ.

ಕಂಪನಿಗಳ ಕಡೆಯಿಂದ ಈಗ ಲೆಕ್ಕ ಕೇಳುವ ಕ್ರಮ ಬಂದಿದೆ. ಷೇರುಪೇಟೆ ನಿಯಂತ್ರಕ ಸೆಬಿ 2021ರಲ್ಲಿ ರೂಪಿಸಿ 2022–23ರಿಂದ ಅಗ್ರ 1,000 ನೋಂದಾಯಿತ ಕಂಪನಿಗಳಿಗೆ ಕಡ್ಡಾಯಗೊಳಿಸಿದ ವರದಿ ನಮೂನೆಯಲ್ಲಿ, ಕಚ್ಚಾ ಸಾಮಗ್ರಿಯ ಮೌಲ್ಯದಲ್ಲಿ ಶೇಕಡ ಎಷ್ಟನ್ನು ಸಣ್ಣ ಉದ್ದಿಮೆಗಳಿಂದ ಮತ್ತು ಸಣ್ಣ ಉತ್ಪಾದಕರಿಂದ ನೇರವಾಗಿ ಕೊಂಡಿರಿ ಎಂಬ ಪ್ರಶ್ನೆಯಿದೆ. ಇಷ್ಟು ಕೊಳ್ಳಲೇಬೇಕೆಂಬ ನಿಯಮ ಅದರಲ್ಲಿಲ್ಲ.

ಮೌಲ್ಯಮಾಪನ

ಸಾಮಾಜಿಕ ಖರೀದಿ ಖರೀದಿದಾರನ ಸದ್ಭಾವದಿಂದ ಹುಟ್ಟಬಹುದು, ಅದೊಂದರಿಂದಲೇ ಉಳಿದದ್ದು ವಿರಳ. ಚಾಕೊಲೇಟಿನ ಪೊಟ್ಟಣದ ಮುದ್ರೆಯನ್ನು ಕಂಪನಿ ಒಂದು ಪ್ರಕಟಣೆಯಲ್ಲಿ ಬದಲಿಸಿತು. ಯಾಂಕರ್ಸ್‌ನ ಬ್ರೌನಿಯನ್ನು ಹಾಗೆ ಬದಲಿಸುವುದು ಸುಲಭವಿರಲಿಲ್ಲ. ತಕ್ಕಡಿ, ಗೋದಾಮು, ಕಾರ್ಖಾನೆ ಹೀಗೆ ಮುಂದಿನ ಒಂದೊಂದು ಮೆಟ್ಟಿಲನ್ನು ತಮ್ಮದಾಗಿಸಿಕೊಂಡ ಸಂಘಗಳಿಗೆ ಚೌಕಾಸಿಯ ಬಲ ಬಂತು. ಪುತ್ತೂರಿನ ಕಾರ್ಖಾನೆ ಇಂದಿಗೂ ಬೆಳೆಗಾರರ ಒಡೆತನದಲ್ಲೇ ಇದೆ.