ರೋಗಿಯ ಕಂಬಳಿಯ ಲೆಕ್ಕ

ಆಸ್ಪತ್ರೆ ಕಟ್ಟಲು ಚಂದಾ ಕೇಳಿದರೆ ನಮ್ಮ ಜಮಾಅತ್‌ಗಳಲ್ಲಿ ಜನ ಧಾರಾಳವಾಗಿ ಕೊಡುತ್ತಾರೆ. ಅಲ್ಲಾಹನು ಅವರ ದಾನವನ್ನು ಸ್ವೀಕರಿಸಲಿ. ಆದರೆ ಉದ್ಘಾಟನೆಯ ದಿನ ಕಳೆದ ಮೇಲೆ, ಅಲ್ಲಿ ಮಲಗಿರುವ ಬಡ ರೋಗಿಗೆ ಹೊತ್ತಿಗೆ ಸರಿಯಾಗಿ ಔಷಧಿ ಸಿಗುತ್ತಿದೆಯೇ, ಹಾಸಿಗೆ ಶುಚಿಯಾಗಿದೆಯೇ, ಕರೆದರೆ ಯಾರಾದರೂ ಬರುತ್ತಾರೆಯೇ ಎಂದು ಹೋಗಿ ನೋಡುವವರು ಎಷ್ಟು ಮಂದಿ? ಈ ಪ್ರಶ್ನೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರೂ ಇದನ್ನು ಎದುರಿಸಿದ್ದರು.

ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ಮುಆದ್(ರ)ರ ತೋಳಿಗೆ ಬಾಣ ತಗುಲಿತು. ಗಾಯಾಳುಗಳ ಆರೈಕೆ ಮಾಡುತ್ತಿದ್ದ ರುಫೈದಾ(ರ)ರ ಡೇರೆಯಲ್ಲಿ ಅವರನ್ನು ಇರಿಸಲಾಯಿತು. ಪ್ರವಾದಿ(ಸ)ರು ಬೆಳಿಗ್ಗೆಯೂ ಸಂಜೆಯೂ ಅವರ ಬಳಿಗೆ ಹೋಗಿ ಹೇಗಿದ್ದೀರಿ ಎಂದು ವಿಚಾರಿಸುತ್ತಿದ್ದರು. ರೋಗಿಯನ್ನು ಸೇರಿಸಿ ಬಂದರೆ ಕೆಲಸ ಮುಗಿಯಲಿಲ್ಲ, ಅವನ ಸ್ಥಿತಿಯನ್ನು ಅವನ ಬಾಯಿಂದಲೇ ಕೇಳಿ ತಿಳಿಯಬೇಕು ಎಂಬುದು ಇದರಲ್ಲಿರುವ ಪಾಠ.

ಮುಂದೆ ಇಸ್ಲಾಮಿ ನಗರಗಳಲ್ಲಿ ಬೀಮಾರಿಸ್ತಾನ್ ಎಂಬ ಹೆಸರಿನ ಆಸ್ಪತ್ರೆಗಳು ಎದ್ದು ನಿಂತವು. ಈಜಿಪ್ಟಿನ ಅಹ್ಮದ್ ಬಿನ್ ತೂಲೂನ್ 870ರ ದಶಕದಲ್ಲಿ ಫುಸ್ತಾತ್‌ನಲ್ಲಿ ಕಟ್ಟಿಸಿದ್ದು ಅವುಗಳಲ್ಲೊಂದು. ಅಲ್ಲಿ ರೋಗಿಯ ಬಟ್ಟೆ ಮತ್ತು ಹಣವನ್ನು ಜೋಪಾನವಾಗಿ ತೆಗೆದಿಟ್ಟು, ಆಸ್ಪತ್ರೆಯ ಬಟ್ಟೆ ತೊಡಿಸುತ್ತಿದ್ದರು. ಒಂದು ಕೋಳಿ ಮತ್ತು ಒಂದು ರೊಟ್ಟಿ ತಿನ್ನುವಷ್ಟು ಚೇತರಿಸಿಕೊಂಡ ಮೇಲಷ್ಟೇ ಮನೆಗೆ ಕಳುಹಿಸುತ್ತಿದ್ದರು. ಇಬ್ನ್ ತೂಲೂನ್ ಪ್ರತಿ ಶುಕ್ರವಾರ ತಾನೇ ಹೋಗಿ ಉಗ್ರಾಣವನ್ನೂ ವೈದ್ಯರ ಕೆಲಸವನ್ನೂ ರೋಗಿಗಳನ್ನೂ ನೋಡಿ ಬರುತ್ತಿದ್ದನು.

ಒಂದು ಶುಕ್ರವಾರ ಮಾನಸಿಕ ರೋಗಿಗಳ ಕಡೆಯಿಂದ ಒಬ್ಬ ಅವನನ್ನು ಕರೆದನು. ತಾನು ಹುಚ್ಚನಲ್ಲ, ತನಗೊಂದು ದೊಡ್ಡ ದಾಳಿಂಬೆ ತಿನ್ನುವ ಆಸೆಯಾಗಿದೆ ಎಂದನು. ಇಬ್ನ್ ತೂಲೂನ್ ತರಿಸಿಕೊಟ್ಟನು. ಆ ಮನುಷ್ಯ ಹಣ್ಣನ್ನು ಕೈಯಲ್ಲಿ ಆಡಿಸುತ್ತಾ ನಿಂತು, ಅಮೀರನ ಗಮನ ಬೇರೆಡೆ ಹೋದಾಗ ಅವನ ಎದೆಗೆ ಗುರಿಯಿಟ್ಟು ಎಸೆದನು. ಅಂದಿನಿಂದ ಇಬ್ನ್ ತೂಲೂನ್ ಆಸ್ಪತ್ರೆಯನ್ನು ನೋಡಲು ಹೋಗಲೇ ಇಲ್ಲ ಎಂದು ಇತಿಹಾಸಕಾರ ಮಖ್ರೀಝಿ ಬರೆದಿದ್ದಾರೆ.

ಕೇಳಲು ಇದು ತಮಾಷೆಯ ಕಥೆ. ಆದರೆ ಒಬ್ಬ ವ್ಯಕ್ತಿಯ ಉತ್ಸಾಹವನ್ನೇ ನಂಬಿದ ತಪಾಸಣೆ ಒಂದು ದಾಳಿಂಬೆಯ ಏಟಿಗೆ ನಿಂತುಹೋಯಿತು. ಹಾಗೆ ನಿಲ್ಲದಿರಬೇಕಾದರೆ ವ್ಯವಸ್ಥೆ ಬೇಕು.

ಅಂಥ ವ್ಯವಸ್ಥೆಯ ಕುರುಹು ಹತ್ತನೇ ಶತಮಾನದ ಆರಂಭದ ಬಗ್ದಾದ್‌ನಲ್ಲಿ ಕಾಣುತ್ತದೆ. ಅಲ್ಲಿನ ಆಸ್ಪತ್ರೆಗಳ ಮೇಲ್ವಿಚಾರಣೆ ಸಿನಾನ್ ಬಿನ್ ಸಾಬಿತ್ ಎಂಬ ವೈದ್ಯರ ಕೈಯಲ್ಲಿತ್ತು. ವಝೀರ್ ಆಗಿದ್ದ ಅಲೀ ಬಿನ್ ಈಸಾ ಅವರಿಗೆ ಪತ್ರ ಬರೆದು, ಸೆರೆಮನೆಗಳಲ್ಲಿರುವವರು ವೈದ್ಯರ ಬಳಿಗೆ ಹೋಗಲಾರರು, ಆದ್ದರಿಂದ ವೈದ್ಯರೇ ದಿನವೂ ಔಷಧಿಯೊಂದಿಗೆ ಅಲ್ಲಿಗೆ ಹೋಗಬೇಕು ಎಂದು ಏರ್ಪಾಡು ಮಾಡಿಸಿದರು.

ಇದಕ್ಕಿಂತ ದೊಡ್ಡ ಪಾಠ ಇನ್ನೊಂದು ಪತ್ರದಲ್ಲಿದೆ. ಬಗ್ದಾದ್‌ನ ಮುಖರ್ರಿಮ್ ಬಡಾವಣೆಯಲ್ಲಿ ಬದ್ರ್ ಎಂಬ ಸೇನಾನಿಯ ಹೆಸರಿನ ಆಸ್ಪತ್ರೆಯಿತ್ತು. ಖಲೀಫ ಮುತವಕ್ಕಿಲ್‌ರ ತಾಯಿ ಮಾಡಿದ ವಕ್ಫ್‌ನಿಂದ ಅದಕ್ಕೆ ಹಣ ಬರಬೇಕಿತ್ತು. ಅದೇ ವಕ್ಫ್‌ನಲ್ಲಿ ಬನೂ ಹಾಶಿಮ್ ಮನೆತನದವರಿಗೂ ಪಾಲಿತ್ತು. ವಕ್ಫ್ ನೋಡಿಕೊಳ್ಳುತ್ತಿದ್ದ ಅಧಿಕಾರಿ ಪ್ರತಿಷ್ಠಿತರ ಪಾಲನ್ನು ಮೊದಲು ಕೊಟ್ಟು, ಆಸ್ಪತ್ರೆಯ ಪಾಲನ್ನು ತಡಮಾಡುತ್ತಿದ್ದನು. ರೋಗಿಗಳು ಕಷ್ಟಕ್ಕೆ ಬಿದ್ದರು. ಸಿನಾನ್ ಸುಮ್ಮನಿರಲಿಲ್ಲ. ವಝೀರರಿಗೆ ದೂರು ಬರೆದರು.

ಅಲೀ ಬಿನ್ ಈಸಾ ಆ ದೂರಿನ ಹಿಂಬದಿಯಲ್ಲೇ ಅಧಿಕಾರಿಗೆ ಉತ್ತರ ಬರೆದು ಕಳುಹಿಸಿದರು. ಇದು ಗಂಭೀರ ವಿಷಯ, ಆಸ್ಪತ್ರೆಯ ಪಾಲು ಏಕೆ ಕಡಿಮೆಯಾಯಿತು ಎಂದು ನೇರವಾಗಿ ಕೇಳಿದರು. ಅಲ್ಲಿಗೆ ಬರುವವರು ದುರ್ಬಲರು, ಆದ್ದರಿಂದ ಅವರ ಪಾಲೇ ಮೊದಲು ಸಲ್ಲಬೇಕು ಎಂದರು. ಚಳಿಗಾಲದಲ್ಲಿ ರೋಗಿಗಳಿಗೆ ಇದ್ದಿಲು, ಹೊದಿಕೆ ಮತ್ತು ಊಟಕ್ಕೆ ಕೊರತೆಯಾಗಬಾರದು ಎಂದು ಆಜ್ಞಾಪಿಸಿದರು. ಸಿನಾನರ ಮಗ ಬರೆದಿಟ್ಟ ಈ ವಿವರಗಳು ಇಬ್ನ್ ಅಬೀ ಉಸೈಬಿಅರ ವೈದ್ಯರ ಚರಿತ್ರೆಯ ಮೂಲಕ ನಮಗೆ ದಕ್ಕಿವೆ.

ಒಂದು ಸಾಮ್ರಾಜ್ಯದ ವಝೀರ್ ರೋಗಿಯ ಕಂಬಳಿಯ ಬಗ್ಗೆ ವಿಚಾರಿಸುತ್ತಾರೆ! ದೂರು ಕೊಟ್ಟವರು ಒಳಗಿನವರೇ, ಆಸ್ಪತ್ರೆಯ ವೈದ್ಯರು. ಹೆಸರು ಕೆಡುತ್ತದೆಂದು ಅದನ್ನು ಮುಚ್ಚಿಡಲಿಲ್ಲ. ತಪ್ಪು ಯಾರದೆಂದು ಹುಡುಕುವುದಕ್ಕಿಂತ ಮೊದಲು, ರೋಗಿಗೆ ಏನು ಸಿಗಬೇಕೋ ಅದು ಸಿಗುವಂತೆ ನೋಡಿಕೊಂಡರು.

931ರಲ್ಲಿ ವೈದ್ಯನೊಬ್ಬನ ತಪ್ಪಿನಿಂದ ಬಗ್ದಾದ್‌ನಲ್ಲಿ ಒಬ್ಬ ರೋಗಿ ಸತ್ತಾಗ, ಖಲೀಫ ಮುಖ್ತದಿರ್ ಸಿನಾನರ ಪರೀಕ್ಷೆಯಲ್ಲಿ ಒಪ್ಪಿಗೆ ಪಡೆಯದವರು ಚಿಕಿತ್ಸೆ ಮಾಡಬಾರದೆಂದು ಆದೇಶಿಸಿದರು. 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಹಾಜರಾದರು. ಹನ್ನೆರಡನೇ ಶತಮಾನದಲ್ಲಿ ಶೈಝರಿ ಎಂಬವರು ಮುಹ್ತಸಿಬ್ ಎಂಬ ತಪಾಸಣಾಧಿಕಾರಿಗಾಗಿ ಬರೆದ ಕೈಪಿಡಿಯಲ್ಲಿ ಇನ್ನೊಂದು ನಿಯಮವಿದೆ. ವೈದ್ಯನು ಪ್ರತಿ ಭೇಟಿಯಲ್ಲೂ ರೋಗ ಮತ್ತು ಔಷಧಿಯ ವಿವರ ಬರೆದು, ಪ್ರತಿಯನ್ನು ಮನೆಯವರಿಗೆ ಕೊಡಬೇಕು. ರೋಗಿ ತೀರಿಕೊಂಡರೆ ಅವರು ಆ ಕಾಗದಗಳನ್ನು ಮುಖ್ಯ ವೈದ್ಯನಿಗೆ ತೋರಿಸಬಹುದು. ನಿರ್ಲಕ್ಷ್ಯ ಕಂಡುಬಂದರೆ ಅವರಿಗೆ ದಿಯತ್, ಅಂದರೆ ಪರಿಹಾರ ಕೇಳುವ ಹಕ್ಕಿದೆ. ಕಲಿಯದೆ ಚಿಕಿತ್ಸೆ ಮಾಡಿದವನೇ ಹೊಣೆಗಾರ ಎಂಬ ಪ್ರವಾದಿ(ಸ)ರ ಬೋಧನೆಗೆ ಇದು ತಕ್ಕದ್ದೇ ಆಗಿದೆ.

ಸುಲ್ತಾನ್ ಖಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯ ವಕ್ಫ್ ಪತ್ರವಂತೂ ಇನ್ನೂ ಸೂಕ್ಷ್ಮವಾಗಿದೆ. ಪ್ರತಿ ರೋಗಿಗೂ ಬೇರೆ ಪಾತ್ರೆ, ಊಟದ ಮೇಲೆ ಮುಚ್ಚಳ, ಬೇಸಿಗೆಗೆ ಗರಿಯ ಬೀಸಣಿಗೆ ಎಂದು ಅದರಲ್ಲಿ ಬರೆಸಲಾಗಿದೆ. ಬರೆದಿಟ್ಟದ್ದನ್ನು ಮಾತ್ರ ಮುಂದೆ ತಪಾಸಣೆ ಮಾಡಲು ಸಾಧ್ಯ.

ಇಂದು ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ತಪಾಸಣೆಗೆ 2007ರ ಕಾಯ್ದೆಯಿದೆ. ನಂತರದ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳೂ ಸೇರಿವೆ. ಆದರೆ ಅಧಿಕಾರಿ ಬರುವ ದಿನಕ್ಕೆ ನೆಲ ಒರೆಸಿದರೆ ನಮ್ಮ ಹೊಣೆ ತೀರದು. ಸಮುದಾಯದ ಆಸ್ಪತ್ರೆ ಅಮಾನತ್. ಅದನ್ನು ನಡೆಸುವವರು ತಿಂಗಳಿಗೊಮ್ಮೆ ಮುನ್ಸೂಚನೆಯಿಲ್ಲದೆ ಸಾಮಾನ್ಯ ವಾರ್ಡಿಗೆ ಹೋಗಲಿ, ಹಾಸಿಗೆಯ ಪಕ್ಕ ನಿಂತು ರೋಗಿಯನ್ನೇ ಕೇಳಲಿ. ದೂರಿನ ಪುಸ್ತಕವನ್ನು ಕಮಿಟಿಯ ಸಭೆಯಲ್ಲಿ ಓದಲಿ. ಕೊರತೆಯನ್ನು ಹೇಳಿದ ನರ್ಸಿನ ಕೆಲಸಕ್ಕೆ ಕುತ್ತು ಬಾರದಿರಲಿ. ದಾನ ಕೊಟ್ಟ ನಾವೂ ಕಟ್ಟಡದ ಜೊತೆಗೆ ಕಂಬಳಿಯ ಲೆಕ್ಕವನ್ನೂ ಕೇಳೋಣ.

ನಾಳೆ ಅಲ್ಲಾಹನ ಮುಂದೆ ಆ ಲೆಕ್ಕ ನಮ್ಮಿಂದಲೂ ಕೇಳಲ್ಪಡುವುದು. ಅದಕ್ಕೆ ಉತ್ತರ ಕೊಡುವ ತೌಫೀಕನ್ನು ಅವನು ನಮಗೆಲ್ಲ ಕರುಣಿಸಲಿ. ಆಮೀನ್.