ಗೋಡೆಯ ಮೇಲಿನ ಥರ್ಮೋಸ್ಟಾಟ್

ಕೆಲವು ವರ್ಷಗಳ ಹಿಂದೆ, ಚಳಿಗಾಲದಲ್ಲಿ, ಅಮೆರಿಕದಲ್ಲಿರುವ ಮಗನ ಮನೆಯಲ್ಲಿದ್ದೆ. ಒಂದು ಮುಂಜಾನೆ ಚಳಿ ತಡೆಯಲಾರದೆ ಗೋಡೆಯ ಮೇಲಿನ ಥರ್ಮೋಸ್ಟಾಟನ್ನು 85 ಡಿಗ್ರಿ ಫ್ಯಾರನ್‌ಹೀಟಿಗೆ ಏರಿಸಿದೆ. ಮನೆ ಬೇಗ ಬೆಚ್ಚಗಾಗಲೆಂಬುದು ನನ್ನ ಆಸೆ. ಮಗ ನಕ್ಕು, "ಅಪ್ಪಾ, ಅದು ನಲ್ಲಿಯಲ್ಲ. ಎಷ್ಟು ತಿರುಗಿಸಿದರೂ ಶಾಖ ಅದೇ ವೇಗದಲ್ಲಿ ಬರುತ್ತದೆ, ನಿಲ್ಲುವುದು ಮಾತ್ರ ತಡ" ಎಂದ. ವಿಜ್ಞಾನ ಬೋಧಿಸಿದ ನನಗೆ ನಾಚಿಕೆಯಾಯಿತು. ಆ ಉಪಕರಣದ ಚರಿತ್ರೆಯನ್ನು ಓದತೊಡಗಿದೆ.

ಓದಿದಾಗ ಸಂತೋಷವೂ ಆಯಿತು. ಅದರ ಮೂಲದಲ್ಲಿದ್ದವರು ನಮ್ಮಂಥ ಒಬ್ಬ ಅಧ್ಯಾಪಕರು! ವಾರೆನ್ ಜಾನ್ಸನ್ ಅವರು ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿದ್ದರು. ಪಾಠದ ನಡುವೆಯೇ ಶಾಲೆಯ ಜವಾನನು ಕೊಠಡಿಗೆ ಬಂದು ಉಷ್ಣತೆ ನೋಡಿ, ನೆಲಮಾಳಿಗೆಗೆ ಹೋಗಿ ಕುಲುಮೆಯನ್ನು ಸರಿಪಡಿಸಬೇಕಿತ್ತು. ಈ ಅಡಚಣೆ ತಪ್ಪಿಸಲು ಜಾನ್ಸನ್, ಕೆಳಗಿದ್ದ ಜವಾನನಿಗೆ ಗಂಟೆ ಬಾರಿಸಿ ತಿಳಿಸುವ ವಿದ್ಯುತ್ ಸಾಧನವನ್ನು ರೂಪಿಸಿ 1883ರಲ್ಲಿ ಪೇಟೆಂಟ್ ಪಡೆದರು. 1885ರಲ್ಲಿ ಆಲ್ಬರ್ಟ್ ಬುಟ್ಜ್ ಎಂಬವರು ಕಲ್ಲಿದ್ದಲಿನ ಕುಲುಮೆಯ ಗಾಳಿಬಾಗಿಲನ್ನು ತಾನಾಗಿ ತೆರೆದು ಮುಚ್ಚುವ ಯಂತ್ರವನ್ನು ಕಂಡುಹಿಡಿದರು. 1953ರಲ್ಲಿ ಹನಿವೆಲ್ ಕಂಪನಿಯ ದುಂಡನೆಯ ಥರ್ಮೋಸ್ಟಾಟ್ ಬಂದಿತು. ಮುಂದೆ ಅದು ಅಲ್ಲಿನ ಅಸಂಖ್ಯ ಮನೆಗಳ ಗೋಡೆ ಸೇರಿತು.

ಸುಖಕ್ಕಾಗಿ ಹುಟ್ಟಿದ ಈ ಸಾಧನ ಉಳಿತಾಯದ ಸಂಕೇತವೂ ಆಯಿತು. 1977ರ ಕಡುಚಳಿಯಲ್ಲಿ ಅಮೆರಿಕಕ್ಕೆ ನೈಸರ್ಗಿಕ ಅನಿಲದ ಕೊರತೆ ಉಂಟಾಯಿತು. ಫೆಬ್ರವರಿ 2ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಉಣ್ಣೆಯ ಸ್ವೆಟರ್ ತೊಟ್ಟು ದೂರದರ್ಶನದಲ್ಲಿ ಮಾತನಾಡಿದರು. ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 18 ಮತ್ತು 13 ಸೆಲ್ಸಿಯಸ್) ಇಟ್ಟರೆ ಆ ಕೊರತೆಯ ಅರ್ಧದಷ್ಟನ್ನು ನೀಗಿಸಬಹುದೆಂದರು.

ತಗ್ಗಿಸಿ ಮತ್ತೆ ಕಾಯಿಸುವುದೇ ಹೆಚ್ಚು ಖರ್ಚಲ್ಲವೇ ಎಂದು ಕೆಲವರು ಕೇಳುವುದುಂಟು. ತೂತಿರುವ ಕೊಡವನ್ನು ನೆನೆಯಿರಿ. ನೀರಿನ ಮಟ್ಟ ಇಳಿದಷ್ಟೂ ಸೋರಿಕೆಯ ರಭಸ ಕಡಿಮೆ. ಮನೆಯ ಶಾಖವೂ ಹಾಗೆಯೇ. ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರ ಕುಗ್ಗಿದಷ್ಟೂ ನಷ್ಟ ಕಡಿಮೆ. ದಿನಕ್ಕೆ ಎಂಟು ಗಂಟೆ ಕಾಲ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ತಗ್ಗಿಸಿದರೆ ವರ್ಷಕ್ಕೆ ಶೇ. 10ರವರೆಗೆ ಉಳಿತಾಯ ಸಾಧ್ಯವೆಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಹೀಟ್ ಪಂಪ್ ಇರುವ ಮನೆಗಳಲ್ಲಿ ಮಾತ್ರ ಈ ಲೆಕ್ಕ ಬೇರೆಯಾಗಬಹುದು.

ವಿದೇಶದಲ್ಲಿರುವ ನನ್ನ ಶಿಷ್ಯರೇ, ಹಸುಳೆಗಳೂ ವೃದ್ಧರೂ ಇರುವ ಮನೆಯಲ್ಲಿ ಅವರ ಸೌಖ್ಯವೇ ಮೊದಲು. ಉಳಿದಂತೆ ರಾತ್ರಿ ಕಂಬಳಿ ಹೊದ್ದ ಮೇಲೆ ಥರ್ಮೋಸ್ಟಾಟನ್ನು ತುಸು ಇಳಿಸಿರಿ. ನಿಮ್ಮ ಮೇಷ್ಟರು ತಡವಾಗಿ ಕಲಿತ ಪಾಠವಿದು.