ಮೊಮ್ಮಗ ಫೋನಿನಲ್ಲಿದ್ದಾರೆ, ತಾತನ ಸಿನಿಮಾ ಎಲ್ಲಿ?

ಹೋದ ಬೇಸಿಗೆಯಲ್ಲಿ ಕುಡಿಯುವ ನೀರಿನ ಸುದ್ದಿ ಮಾಡಲು ತುಮಕೂರು ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆವು. ಕೆಲಸ ಮುಗಿಸಿ ಹೊರಡುವಾಗ ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು ನಮ್ಮ ಫೋನ್ ಕಡೆ ಬೊಟ್ಟು ಮಾಡಿದರು. "ಅದ್ರಾಗೆ ಎಲ್ಲಾ ಸಿನ್ಮಾನೂ ಬರ್ತವಂತಲ್ಲಪ್ಪ. ನಾನು ಟೆಂಟ್‌ನಾಗೆ ನೋಡಿದ್ದು ಒಂದೈತೆ, ಹಾಕು ನೋಡಾನ" ಅಂದರು.

ಹೆಸರು ಕೇಳಿ ಹುಡುಕಿದೆವು. ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿದ ಆ್ಯಪ್ ಅದು. ಅಜ್ಜಿ ಹೇಳಿದ ಸಿನಿಮಾ ಬರಲಿಲ್ಲ, ಹೆಸರಿನಲ್ಲಿ ಒಂದು ಪದ ಮಾತ್ರ ಹೊಂದುವ ಯಾವುದೋ ಹೊಸ ಸಿನಿಮಾ ಬಂತು. ಅಜ್ಜಿ ಒಂದು ಗಳಿಗೆ ನೋಡಿ, "ಇದಲ್ಲ ಕಣಪ್ಪ" ಅಂತ ಮುಖ ಆ ಕಡೆ ತಿರುಗಿಸಿದರು.

ಬಸ್ಸಿನಲ್ಲಿ ವಾಪಸ್ ಬರುತ್ತಾ ಆ ಆ್ಯಪ್‌ನ ಹಳೆಯ ಕನ್ನಡ ಚಿತ್ರಗಳ ಪಟ್ಟಿಯನ್ನು ಕೆಳಗೆ ಎಳೆಯುತ್ತಾ ಹೋದೆವು. ಹಿಂದಕ್ಕೆ ಹೋದಷ್ಟೂ ಪಟ್ಟಿ ತೆಳ್ಳಗಾಯಿತು. ಹಾಗಾದರೆ ಕನ್ನಡದ ಮೊಟ್ಟಮೊದಲ ಮಾತಿನ ಚಿತ್ರ ಎಲ್ಲಿದೆ? ಅದನ್ನು ಹುಡುಕಿದಾಗ ಗೊತ್ತಾದ ಕಥೆಯೇ ಈ ಬರಹ.

ಮೊದಲ ಸಿನಿಮಾ, ನಮ್ಮ ನಾಟಕದವರದ್ದು

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ರಾವಣನ ಮಗ ಇಂದ್ರಜಿತು ಮತ್ತು ಅವನ ಹೆಂಡತಿ ಸುಲೋಚನೆಯ ಕಥೆ. ದುಡ್ಡು ಹಾಕಿದವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಚಮನ್‌ಲಾಲ್ ಡುಂಗಾಜಿ. ನಿರ್ದೇಶಕ ವೈ.ವಿ. ರಾವ್. ಆಗ ಇಲ್ಲಿ ಮಾತಿನ ಚಿತ್ರ ತೆಗೆಯುವ ಸ್ಟುಡಿಯೋ ಇರಲಿಲ್ಲ. ಹಾಗಾಗಿ ಇಡೀ ತಂಡ ಕೊಲ್ಲಾಪುರಕ್ಕೆ ಹೋಗಿ ಅಲ್ಲಿನ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರೀಕರಣ ಮಾಡಿತು.

ಇಂದ್ರಜಿತುವಿನ ಪಾತ್ರ ಸುಬ್ಬಯ್ಯ ನಾಯ್ಡು ಅವರದ್ದು, ರಾವಣನ ಪಾತ್ರ ಆರ್. ನಾಗೇಂದ್ರರಾಯರದ್ದು, ಸುಲೋಚನೆಯ ಪಾತ್ರ ತ್ರಿಪುರಾಂಬ ಅವರದ್ದು. ನಾಯ್ಡು ಮತ್ತು ರಾಯರು ಕಂಪನಿ ನಾಟಕದವರು. ಇಬ್ಬರೂ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ನಡೆಸುತ್ತಿದ್ದರು. ಸಂಭಾಷಣೆ, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಅವರ ಹೆಸರಿನ ಮುಂದಿರುವುದು ನಮ್ಮ ಜಿಲ್ಲೆಯದೇ ಬೆಳ್ಳಾವಿ. ಅಂದರೆ ಕನ್ನಡ ಸಿನಿಮಾ ಆಡಿದ ಮೊದಲ ಮಾತುಗಳ ಹಿಂದೆ ಬೆಳ್ಳಾವಿಯ ಹೆಸರಿದೆ.

ಈ ಸಿನಿಮಾ ಇವತ್ತು ಯಾವ ಆ್ಯಪ್‌ನಲ್ಲೂ ಇಲ್ಲ, ಯೂಟ್ಯೂಬ್‌ನಲ್ಲೂ ಇಲ್ಲ. ಯಾಕೆಂದರೆ ಅದರ ಒಂದು ಪ್ರಿಂಟೂ ಉಳಿದಿಲ್ಲ. ಉಳಿದಿರುವುದು ಕೆಲವು ಫೋಟೊ, ನೋಡಿದವರು ಮತ್ತು ಮಾಡಿದವರು ಹೇಳಿಹೋದ ಮಾತು, ಅಷ್ಟೆ.

ಆದರೆ ಆ ಮನೆತನಗಳ ಕಥೆ ನೋಡಿ. ಸುಬ್ಬಯ್ಯ ನಾಯ್ಡು ಅವರ ಮಗ 'ಭೂತಯ್ಯನ ಮಗ ಅಯ್ಯು' ಚಿತ್ರದ ಲೋಕೇಶ್. ಲೋಕೇಶ್ ಅವರ ಮಗ ಟಿವಿಯಲ್ಲಿ ನಮ್ಮನ್ನು ನಗಿಸುವ ಸೃಜನ್ ಲೋಕೇಶ್. ನಾಗೇಂದ್ರರಾಯರ ಮಕ್ಕಳಲ್ಲಿ ಆರ್.ಎನ್. ಜಯಗೋಪಾಲ್ ಹಾಡು ಬರೆದರು, ಆರ್.ಎನ್.ಕೆ. ಪ್ರಸಾದ್ ಕ್ಯಾಮರಾ ಹಿಡಿದರು, ಆರ್.ಎನ್. ಸುದರ್ಶನ್ ನಟರಾದರು. ನಿರ್ದೇಶಕ ವೈ.ವಿ. ರಾವ್ ಅವರ ಮಗಳು ನಮಗೆಲ್ಲ ಗೊತ್ತಿರುವ ನಟಿ ಲಕ್ಷ್ಮಿ. ಮಕ್ಕಳು, ಮೊಮ್ಮಕ್ಕಳು ನಮ್ಮ ಫೋನಿನಲ್ಲಿ ಬೆರಳು ಸೋಕಿದರೆ ಸಿಗುತ್ತಾರೆ. ಹಿರಿಯರು ಸೇರಿ ಮಾಡಿದ ಮೊದಲ ಸಿನಿಮಾ ಮಾತ್ರ ಒಂದು ನಿಮಿಷವೂ ಸಿಗುವುದಿಲ್ಲ.

ಸಿನಿಮಾ ಕಳೆದುಹೋಗುವುದು ಹೇಗೆ?

ಆಗಿನ ರೀಲು ನೈಟ್ರೇಟ್ ಎಂಬ ವಸ್ತುವಿನದು. ಬಲು ಬೇಗ ಬೆಂಕಿ ಹತ್ತುತ್ತದೆ, ಹತ್ತಿದರೆ ಆರಿಸುವುದು ಕಷ್ಟ. ಬೆಂಕಿ ತಾಕದಿದ್ದರೂ ಸೆಕೆ ಇರುವ ಕಡೆ ಇಟ್ಟರೆ ಮೊದಲು ಅಂಟಂಟಾಗಿ, ಕೊನೆಗೆ ಡಬ್ಬಿಯೊಳಗೇ ಪುಡಿಯಾಗುತ್ತದೆ. 1950ರ ಸುಮಾರಿಗೆ ಇದರ ಬದಲು ಸುಲಭಕ್ಕೆ ಬೆಂಕಿ ಹತ್ತದ ಅಸಿಟೇಟ್ ರೀಲು ಬಂತು. ಅದಕ್ಕೆ ಬೇರೆ ರೋಗ. ಕೆಡಲು ಶುರುವಾದರೆ ಡಬ್ಬಿ ತೆಗೆದ ಕೂಡಲೇ ವಿನೆಗರ್‌ನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ, ರೀಲು ಮುರುಟಿಕೊಳ್ಳುತ್ತದೆ.

ಇದು ಕಾಲದ ಏಟು. ಮನುಷ್ಯರ ಏಟು ಇನ್ನೂ ದೊಡ್ಡದು. ಕಪ್ಪುಬಿಳುಪು ರೀಲಿನ ಲೇಪದಲ್ಲಿ ಬೆಳ್ಳಿ ಇರುತ್ತದೆ. ಓಟ ಮುಗಿದ ಸಿನಿಮಾದ ಪ್ರಿಂಟ್‌ಗಳನ್ನು ತೂಕಕ್ಕೆ ಕೊಂಡು, ತೊಳೆದು ಬೆಳ್ಳಿ ತೆಗೆಯುತ್ತಿದ್ದರು. ನಮ್ಮ ದೇಶದ ಎಷ್ಟೋ ಸಿನಿಮಾಗಳು ಹೀಗೆ ತೊಳೆದುಹೋದವು. 1931ರ 'ಆಲಂ ಆರಾ' ಇಡೀ ಭಾರತದ ಮೊದಲ ಮಾತಿನ ಚಿತ್ರ. ಅದರ ಪ್ರಿಂಟೂ ಇಲ್ಲ.

ಕನ್ನಡಕ್ಕೆ ಇನ್ನೊಂದು ಕಷ್ಟವಿತ್ತು. ಬಹಳ ವರ್ಷ ನಮ್ಮ ಸಿನಿಮಾಗಳು ತಯಾರಾದದ್ದು ಮದ್ರಾಸಿನಲ್ಲಿ. ಮೂಲ ನೆಗೆಟಿವ್ ಅಲ್ಲಿನ ಲ್ಯಾಬ್‌ನಲ್ಲೇ ಉಳಿಯುತ್ತಿತ್ತು. ಸಿನಿಮಾ ಸೋತರೆ ನಿರ್ಮಾಪಕರು ಬಾಕಿ ಕಟ್ಟಿ ಅದನ್ನು ಬಿಡಿಸಿಕೊಂಡು ಬರುವುದು ಎಲ್ಲಿಂದ? ಇತ್ತ ನಮ್ಮ ಕಡೆ ಮಾಡಿಸಿದ ಕೆಲವೇ ಪ್ರಿಂಟ್‌ಗಳ ಪೆಟ್ಟಿಗೆ ಮೊದಲು ನಗರದಲ್ಲಿ ಓಡಿ, ಆಮೇಲೆ ಜಿಲ್ಲೆ, ತಾಲ್ಲೂಕು ಸುತ್ತಿ, ಕೊನೆಗೆ ಹಳ್ಳಿಯ ಟೆಂಟ್‌ಗೆ ಬರುತ್ತಿತ್ತು. ಅಷ್ಟರಲ್ಲಿ ಮೈತುಂಬ ಗೀರು, ಹತ್ತಾರು ಕಡೆ ತುಂಡಾಗಿ ಅಂಟಿಸಿದ ಗುರುತು. ಅಜ್ಜಿ ನೋಡಿದ್ದು ಅಂಥ ಪ್ರಿಂಟನ್ನೇ. ಅದರ ಕೊನೆಯ ಪ್ರೇಕ್ಷಕರು ನಮ್ಮ ಹಳ್ಳಿಯವರೇ ಇದ್ದರೂ ಇರಬಹುದು.

ಪುಸ್ತಕ ಅಚ್ಚಾದರೆ ಸರ್ಕಾರಿ ಗ್ರಂಥಾಲಯಕ್ಕೆ ಪ್ರತಿ ಕೊಡಬೇಕೆಂದು 1954ರಲ್ಲೇ ಕಾಯ್ದೆ ಬಂತು. ಸಿನಿಮಾಕ್ಕೆ ಆಗ ಅಂಥ ಕಾಯ್ದೆ ಇರಲಿಲ್ಲ. ಸಿನಿಮಾ ಕೂಡಿಡಲೆಂದೇ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, 'ಸತಿ ಸುಲೋಚನ' ಬಂದು 30 ವರ್ಷದ ಮೇಲೆ. ಅಲ್ಲಿಗೆ ಬಂದು ಸೇರಿದ್ದಕ್ಕೂ ಪೂರ್ತಿ ರಕ್ಷಣೆ ಸಿಗಲಿಲ್ಲ. 2003ರ ಜನವರಿಯಲ್ಲಿ ಬೆಂಕಿ ಬಿದ್ದು ನೈಟ್ರೇಟ್ ರೀಲುಗಳು ಸಾವಿರಗಟ್ಟಲೆ ಸುಟ್ಟುಹೋದವು.

ಹಕ್ಕು ಮುಗಿದರೂ ಪ್ರಿಂಟ್ ಬೇಕಲ್ಲ

ಆ್ಯಪ್‌ನಲ್ಲಿ ಹಳೆಯ ಸಿನಿಮಾ ಇಲ್ಲ ಅಂದರೆ 'ಕಂಪನಿಯವರು ಹಕ್ಕು ಕೊಂಡಿಲ್ಲ' ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ನಿರ್ಮಾಪಕರು ತೀರಿಕೊಂಡಿರುತ್ತಾರೆ, ಹಕ್ಕು ಯಾರ ಕೈ ಸೇರಿದೆ ಅಂತ ಮನೆಯವರಿಗೇ ಗೊತ್ತಿರುವುದಿಲ್ಲ. ಆದರೆ ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕಿಗೆ 60 ವರ್ಷ ಆಯಸ್ಸು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' 1954ರದ್ದು. ಆ ಲೆಕ್ಕದಲ್ಲಿ ಅದರ ಹಕ್ಕಿನ ಅವಧಿ 2014ಕ್ಕೇ ಮುಗಿಯಿತು. ಅದಕ್ಕೂ ಹಿಂದಿನ ಸಿನಿಮಾಗಳಿಗೆ ಇನ್ನೂ ಮೊದಲೇ ಮುಗಿದಿದೆ. ಕಾಗದದ ಅಡ್ಡಿ ಹೋಯಿತು. ತೋರಿಸಲು ರೀಲೇ ಇಲ್ಲದಿದ್ದರೆ ಹಕ್ಕು ಇದ್ದೇನು, ಹೋದರೇನು?

ರೀಲು ಉಳಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರ ಕಪ್ಪುಬಿಳುಪು ಚಿತ್ರ. ಅದರ ಮೂಲ ನೆಗೆಟಿವ್ ಪುಣೆಯಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಹೊರದೇಶದ ಸಂಸ್ಥೆಗಳ ನೆರವಿನಿಂದ ಅದನ್ನು ದುರಸ್ತಿ ಮಾಡಿಸಿದರು. 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಅದು ಹೊಸದರಂತೆ ಪರದೆ ಮೇಲೆ ಬಂತು.

ಅಟ್ಟದ ಮೇಲೆ ಏನಿದೆ, ನೋಡಿ

ಈಗ ನಮ್ಮದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲವು ವರ್ಷದ ಹಿಂದೆ, ಟೆಂಟ್‌ನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಹಿರಿಯರೊಬ್ಬರು ಸಿಕ್ಕಿದ್ದರು. ತಮ್ಮ ಮಾಲೀಕರ ಮನೆ ಅಟ್ಟದಲ್ಲಿ ಪೋಸ್ಟರ್ ಕಟ್ಟು, ಸಿನಿಮಾ ಹಾಡಿನ ಪುಸ್ತಕ, ನಾಲ್ಕೈದು ತಗಡಿನ ಡಬ್ಬಿ ಇವೆ ಎಂದಿದ್ದರು. ಚುನಾವಣೆ ಮುಗಿಯಲಿ ಸ್ವಾಮಿ, ಬರ್ತೀವಿ ಅಂದೆವು. ನಾವು ಹೋಗುವಷ್ಟರಲ್ಲಿ ಹಳೇ ಮನೆ ಕೆಡವಿ ಆರ್‌ಸಿಸಿ ಪಿಲ್ಲರ್ ಎದ್ದಿತ್ತು. ಅಟ್ಟದ ಮೇಲಿದ್ದದ್ದೆಲ್ಲ ತೂಕಕ್ಕೆ ಗುಜರಿ ಸೇರಿತ್ತು. ಡಬ್ಬಿಯಲ್ಲಿ ಏನಿತ್ತೋ, ಯಾವ ಸಿನಿಮಾ ಇತ್ತೋ ಇನ್ನು ತಿಳಿಯುವ ದಾರಿ ಇಲ್ಲ. ಮನೆಯವರದ್ದು ಏನೂ ತಪ್ಪಿಲ್ಲ. ಬೆಲೆ ಗೊತ್ತಿದ್ದ ನಾವೇ ತಡ ಮಾಡಿದೆವು.

ಕಳೆದುಹೋದದ್ದು ಸಿಕ್ಕ ಉದಾಹರಣೆಗಳಿವೆ. ಪುಣೆಯ ಸಂಗ್ರಹಾಲಯ ಕಟ್ಟಿದ ಪಿ.ಕೆ. ನಾಯರ್ ಅವರು ಫಾಲ್ಕೆಯವರ 1919ರ 'ಕಾಲಿಯಾ ಮರ್ದನ'ದ ರೀಲುಗಳನ್ನು ಪಡೆದದ್ದು ಫಾಲ್ಕೆ ಅವರ ಮನೆಯವರಿಂದ. ಅದೇ 1919ರ 'ಬಿಲ್ವಮಂಗಳ'ದ ಒಂದಷ್ಟು ಭಾಗ ಫ್ರಾನ್ಸ್‌ನಲ್ಲಿ ಸಿಕ್ಕಿ, 2016ರಲ್ಲಿ ಭಾರತಕ್ಕೆ ಬಂತು.

ಹಾಗಾಗಿ ಒಂದು ಕೋರಿಕೆ. ನಿಮ್ಮೂರಿನಲ್ಲಿ ಟೆಂಟ್ ನಡೆಸಿದವರು, ಟಿಕೆಟ್ ಹರಿದವರು, ಪೆಟ್ಟಿಗೆ ಹೊತ್ತವರು ಇದ್ದರೆ ಅವರ ಮನೆಯಲ್ಲಿ ಒಮ್ಮೆ ವಿಚಾರಿಸಿ. ರೀಲಿನ ಡಬ್ಬಿ ಸಿಕ್ಕರೆ ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ. ಬೀಡಿ ಸೇದುತ್ತಾ ತೆರೆಯಬೇಡಿ. ಅಂಟಿಕೊಂಡ ರೀಲನ್ನು ಬಿಡಿಸಲು, ಮಿಷನ್‌ಗೆ ಹಾಕಿ ಓಡಿಸಲು ಹೋಗಬೇಡಿ. ಮನೆಯಿಂದ ದೂರ, ತಂಪಾದ ಒಣ ಜಾಗದಲ್ಲಿಟ್ಟು ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ಅದು ಈಗ ಕೇಂದ್ರ ಸರ್ಕಾರದ ಎನ್‌ಎಫ್‌ಡಿಸಿ ಅಡಿಯಲ್ಲಿದೆ. ಪೋಸ್ಟರ್, ಹಾಡಿನ ಪುಸ್ತಕ, ಫೋಟೊ ಸಿಕ್ಕರೆ ಫೋನಿನಲ್ಲೇ ಚೆನ್ನಾಗಿ ಫೋಟೊ ತೆಗೆದಿಡಿ, ಮೂಲವನ್ನು ಮಡಚದೆ ಜೋಪಾನ ಮಾಡಿ. ಏನೂ ಸಿಗದಿದ್ದರೆ ಹಿರಿಯರ ಮಾತನ್ನಾದರೂ ರೆಕಾರ್ಡ್ ಮಾಡಿ.

ಮೊನ್ನೆ ನಾವೂ ಆ ಅಜ್ಜಿಯ ಜಗಲಿಗೆ ಮತ್ತೆ ಹೋಗಿದ್ದೆವು. ಸಿನಿಮಾ ಸಿಗಲಿಲ್ಲ ಅಜ್ಜಿ, ನೀವೇ ಕಥೆ ಹೇಳಿ ಅಂದೆವು. ನಲವತ್ತು ನಿಮಿಷ ಹೇಳಿದರು, ನಡುವೆ ಎರಡು ಹಾಡನ್ನೂ ಹಾಡಿದರು. ಅದು ನಮ್ಮ ಫೋನಿನಲ್ಲಿದೆ. ಇನ್ನೊಂದು ಪ್ರತಿಯನ್ನು ಅವರ ಮೊಮ್ಮಗಳ ಫೋನಿಗೂ ಹಾಕಿ ಬಂದಿದ್ದೇವೆ.